ಕಂಪೌಂಡರನ ಕಾರು

"ಗುರುಗಳೇ, ಒಬ್ಬರ ಯೋಗ್ಯತೆ ಎಷ್ಟೆಂದು ತಿಳಿಯುವುದು ಹೇಗೆ?"

ಕೇಳಿದವನು ತಿಪ್ಪೇಶಿ, ಮಾರುಕಟ್ಟೆಯ ಹಮಾಲರ ಸಂಘದ ಕಾರ್ಯದರ್ಶಿ. ಕೇಳಿಸಿಕೊಂಡವರು ಓಬಳಯ್ಯ. ಮೂವತ್ತು ವರ್ಷ ಚೀಲ ಹೊತ್ತವರು, ಚೀಲಗಳ ಮೇಲಿನ ಅಕ್ಷರ ನೋಡಿ ನೋಡಿ ಓದು ಕಲಿತವರು. ಬೆನ್ನು ಬಾಗಿದ ಮೇಲೆ ಗೋದಾಮಿನ ತಗಡಿನ ನೆರಳಲ್ಲಿ ಕೂತು ಸಂಘದವರಿಗೆ ಪಾಠ ಹೇಳುತ್ತಿದ್ದರು. ಯಾವ ಪೀಠವೂ ಅವರನ್ನು ಗುರು ಎಂದು ಕರೆದಿರಲಿಲ್ಲ. ಹಮಾಲರು ಕರೆಯುತ್ತಿದ್ದರು, ಅಷ್ಟೇ.

ತಿಪ್ಪೇಶಿಯ ಅಂಗಿಯ ಜೇಬಿನಲ್ಲಿ ಒಂದು ಕಾಗದವಿತ್ತು. ನೂರು ಕಿಲೋ ಚೀಲವನ್ನು ಐವತ್ತಕ್ಕೆ ಇಳಿಸಿ ಎಂದು ಕೇಳಲು ಸೋಮವಾರ ಸಂಘದ ಮೂವರು ಮಾರುಕಟ್ಟೆ ಕಮಿಟಿಯ ಸಾಹೇಬರ ಮುಂದೆ ಹೋಗಬೇಕಿತ್ತು. ಆರು ಹೆಸರು ಬಂದಿದ್ದವು. ತಿಪ್ಪೇಶಿ ಆರನ್ನೂ ಸಾಲಾಗಿ ಬರೆದು, ಒಂದೊಂದು ಹೆಸರಿನ ಮುಂದೆ ಎಷ್ಟನೇ ಕ್ಲಾಸು ಓದಿದ್ದಾರೆ ಎಂದು ನಮೂದಿಸಿದ್ದ. ಅಂಗಳದಲ್ಲಿ ಚೆಲ್ಲಿದ ಕಾಳು ಗುಡಿಸಿ ಜರಡಿ ಹಿಡಿಯುವ ಕೆಂಚಮ್ಮನ ಹೆಸರಿನ ಮುಂದೆ ನಾಲ್ಕು ಎಂದಿತ್ತು. ಆ ಹೆಸರಿನ ಮೇಲೆ ಗೀಟು ಎಳೆದಿದ್ದ.

ಸುದ್ದಿ ಹೇಗೋ ಹೊರಗೆ ಬಿತ್ತು. ಬೆಳಿಗ್ಗೆ ಗುಡಿಸುವ ಹೆಂಗಸರೆಲ್ಲ ಪೊರಕೆ ಸಮೇತ ಬಂದು ಅವನನ್ನು ಸುತ್ತುಗಟ್ಟಿದ್ದರು. "ಏನ್ ಕಾರ್ಯದರ್ಶಿಗಳೇ, ಸಾಹೇಬರ ಮುಂದೆ ಮಗ್ಗಿ ಒಪ್ಪಿಸಬೇಕಾ?" ಎಂದು ಒಬ್ಬಳು ಕೇಳಿದ್ದಳು. ಉಳಿದವರು ನಕ್ಕಿದ್ದರು. ಕೆಂಚಮ್ಮ ಮಾತ್ರ ನಕ್ಕಿರಲಿಲ್ಲ. ಅದೇ ತಿಪ್ಪೇಶಿಗೆ ಚುಚ್ಚುತ್ತಿತ್ತು. ತಾನು ಮಾಡಿದ್ದು ಸರಿ ಎಂದೇ ಅವನಿಗೆ ಅನಿಸುತ್ತಿತ್ತು. ಸರಿಯಿದ್ದರೆ ಅವಳ ಮುಖ ಯಾಕೆ ಕಣ್ಣ ಮುಂದಿನಿಂದ ಹೋಗುತ್ತಿಲ್ಲ ಎಂಬುದು ತಿಳಿಯುತ್ತಿರಲಿಲ್ಲ.

ಓಬಳಯ್ಯ ಹೇಳಿದರು: "ಒಂದು ಕಾರಿನ ಕತೆ ಇದೆ."

"ಕಾರೇ? ನಾನು ಕೇಳಿದ್ದು ಮನುಷ್ಯರ ವಿಷಯ."

"ಮನುಷ್ಯರೇ ಓಡಿಸಬೇಕಲ್ಲಪ್ಪ. ಕೇಳು."

ಒಂದು ಊರಿನಲ್ಲಿ ಒಬ್ಬ ಕಂಪೌಂಡರ್ ಇದ್ದ. ಇಂಗ್ಲಿಷ್ ಡಾಕ್ಟರೊಬ್ಬನ ಕೈಕೆಳಗೆ ಔಷಧಿ ಬೆರೆಸುವ ಕೆಲಸ. ಆ ಡಾಕ್ಟರ್ ಅವನಿಗೆ ಮೊದಲ ದಿನ ಒಂದೇ ಮಾತು ಕಲಿಸಿದ್ದ. ಸೀಸೆಯ ಬಣ್ಣ ನೋಡಬೇಡ, ವಾಸನೆ ನೋಡಬೇಡ, ಚೀಟಿ ಓದು. ಬಣ್ಣ ನಂಬಿ ಸುರಿದರೆ ಒಂದು ಜೀವ ಹೋಗುತ್ತದೆ. ಇಪ್ಪತ್ತೆರಡು ವರ್ಷ ಕಂಪೌಂಡರ್ ಹಾಗೆಯೇ ನಡೆದ. ಅವನ ಕೈಯಲ್ಲಿ ಒಂದು ತಪ್ಪೂ ಆಗಲಿಲ್ಲ.

ಕಂಪೌಂಡರನಿಗೆ ತಾಯಿ ಇದ್ದಳು. ಆಕೆ ಸೂಲಗಿತ್ತಿ. ಊರಿನ ದೊಡ್ಡ ಬೀದಿಯ ಮುಕ್ಕಾಲು ಜನ ಭೂಮಿಗೆ ಬಿದ್ದಾಗ ಮೊದಲು ಮುಟ್ಟಿದ್ದು ಅವಳ ಕೈಯನ್ನು. ಹೆರಿಗೆ ಇದ್ದಾಗ ಅವಳು ಹಿತ್ತಿಲ ಬಾಗಿಲಿಂದ ಒಳಗೆ ಹೋಗಬಹುದಿತ್ತು. ಹೆರಿಗೆ ಆದಮೇಲೆ ಅವಳು ಮುಟ್ಟಿದ ಜಾಗಕ್ಕೆಲ್ಲ ನೀರು ಸುರಿಯುತ್ತಿದ್ದರು, ಕೂಸೊಂದನ್ನು ಬಿಟ್ಟು. ಬೀದಿಯ ತಲೆಗೆ ಬಂದಾಗ ಅವಳು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯಬೇಕು. ಬೀದಿ ಮುಗಿದ ಮೇಲೆ ಕಾಲಿಗೆ ಹಾಕಿಕೊಳ್ಳಬೇಕು. ಹೀಗೆಂದು ಯಾರು ಹೇಳಿದರು, ಎಲ್ಲಿ ಬರೆದಿದೆ ಎಂದು ಅವಳು ಕೇಳಲಿಲ್ಲ. ಅವಳ ತಾಯಿಯೂ ಕೇಳಿರಲಿಲ್ಲ.

ಬ್ರಿಟಿಷರು ಹೊರಟುಹೋದ ಕೆಲವು ವರ್ಷಕ್ಕೆ ಡಾಕ್ಟರೂ ಹೊರಟ. ಹೊರಡುವಾಗ ತನ್ನ ಪುಟ್ಟ ಕಾರನ್ನು ಕಂಪೌಂಡರನಿಗೆ ಕೊಟ್ಟ. ಅದು ಅವನ ದೇಶದ ಹಳೆಯ ಕಾರು. ಮೊಂಡು ಮೂಗು, ದುಂಡು ಬೆನ್ನು. ಒಳಗೆ ನಾಲ್ವರು ಕೂರಬೇಕಾದರೆ ಇಬ್ಬರು ಉಸಿರು ಬಿಗಿ ಹಿಡಿಯಬೇಕು. ತಿರುಗುವಾಗ ದೀಪ ಮಿನುಗುತ್ತಿರಲಿಲ್ಲ. ತಿರುಗುವ ಕಡೆಯ ಬಾಗಿಲ ಪಕ್ಕದಿಂದ ಒಂದು ಸಣ್ಣ ಕೆಂಪು ತಗಡಿನ ಕೈ ಎದ್ದು ಹೊರಗೆ ಚಾಚುತ್ತಿತ್ತು. ಎಡಗೈ ತಾನಾಗಿಯೇ ಮಡಚಿಕೊಳ್ಳುತ್ತಿತ್ತು. ಬಲಗೈ ಮಡಚಿಕೊಳ್ಳಬೇಕಾದರೆ ಪಕ್ಕದ ತಗಡಿಗೆ ಒಂದು ಏಟು ಕೊಡಬೇಕಿತ್ತು.

"ಇದಕ್ಕೆ ಒಂದೇ ಕಾಯಿಲೆ. ಇಂಜಿನ್ನಿನ ಮುಚ್ಚಳದ ಕೆಳಗಿನ ತೆಳ್ಳನೆಯ ಪಟ್ಟಿ, ಗ್ಯಾಸ್ಕೆಟ್, ಹೋಗಿದೆ. ಹೊಸದು ಡಿಕ್ಕಿಯಲ್ಲಿದೆ. ಹತ್ತು ನಟ್ಟು ಬಿಚ್ಚಿ, ಹಾಕಿ, ಬಿಗಿ ಮಾಡಿದರೆ ಓಡುತ್ತದೆ," ಎಂದು ಹೇಳಿ ಡಾಕ್ಟರ್ ರೈಲು ಹತ್ತಿದ.

ಕಾರು ಬಂದ ದಿನ ತಾಯಿ ಅದರ ಸುತ್ತ ಒಂದು ಸುತ್ತು ಬಂದಳು. ಆಗಲೇ ಅವಳ ಕಣ್ಣಿಗೆ ಹೊಗೆ ಕವಿದಂತೆ ಆಗುತ್ತಿತ್ತು. ಇದು ಕತ್ತರಿಸಿ ತೆಗೆಯುವ ಪೊರೆಯಲ್ಲ, ಆರೋ ಎಂಟೋ ತಿಂಗಳಲ್ಲಿ ದೃಷ್ಟಿ ಪೂರ್ತಿ ಹೋಗುತ್ತದೆ ಎಂದು ಡಾಕ್ಟರೇ ಹೇಳಿದ್ದ. ಅವಳು ಮಗನಿಗೆ ಹೇಳಿದಳು: "ನಂಗೆ ಬೇರೆ ಏನೂ ಬ್ಯಾಡ ಕಣೋ. ಕಣ್ಣಿರೋವಾಗ ಒಂದು ಸಲ ದೊಡ್ಡ ಬೀದೀಲಿ ಕರಕೊಂಡು ಹೋಗು. ಕಾಲಲ್ಲಿ ಮೆಟ್ಟು ಇಟ್ಕೊಂಡೇ ಹೋಗಬೇಕು. ಜಗುಲಿ ಮ್ಯಾಲೆ ಕೂತಿರ್ತಾರಲ್ಲ, ನಾನು ಎತ್ತಿದ ಮಕ್ಕಳು, ಅವರ ಮುಖ ನೋಡ್ಬೇಕು."

"ಹತ್ತೇ ನಟ್ಟು ಅವ್ವ. ಬರೋ ವಾರ ಹೋಗೋಣ," ಎಂದ ಕಂಪೌಂಡರ್.

ಭಾನುವಾರ ಒಬ್ಬ ಲಾರಿ ಮೆಕ್ಯಾನಿಕ್ ಬಂದ. ಬಾನೆಟ್ಟಿನೊಳಗೆ ತಲೆ ತೂರಿಸಿ ಹದಿಮೂರು ಮಿಲಿಮೀಟರಿನ ಸ್ಪ್ಯಾನರ್ ಹಾಕಿದ. ಅದು ನಟ್ಟಿನ ಮೇಲೆ ಇಳಿಯಲೇ ಇಲ್ಲ. ಹದಿನಾಲ್ಕರದು ಹಾಕಿದ. ಅದು ಸುತ್ತ ಜಾರಿತು. ಅಳತೆಪಟ್ಟಿ ಹಿಡಿದು ನೋಡಿದ. ನಟ್ಟಿನ ತಲೆ ಅರ್ಧ ಇಂಚಿಗಿಂತ ಒಂದು ಕೂದಲು ಹೆಚ್ಚಿತ್ತು.

"ಇದು ಇಂಚಿನ ಗಾಡಿ ಸಾರ್. ಅರ್ಧ ಇಂಚಿಂದು ಇದೆಯಾ ನೋಡಿ, ಹಾಕಿ ನೋಡೋಣ."

ಡಿಕ್ಕಿಯಲ್ಲಿ ಡಾಕ್ಟರ್ ಬಿಟ್ಟುಹೋದ ಒಂದು ತಗಡಿನ ಡಬ್ಬಿ ಇತ್ತು. ಅದರೊಳಗೆ ಒಂಬತ್ತು ಸ್ಪ್ಯಾನರುಗಳು. ಪ್ರತಿಯೊಂದರ ಮೇಲೂ ನಂಬರು ಕೊರೆದಿತ್ತು. ಕಂಪೌಂಡರ್ ಔಷಧಿಯ ಸೀಸೆ ಓದುವಂತೆ ಒಂದೊಂದನ್ನೂ ಬೆಳಕಿಗೆ ಹಿಡಿದು ಓದಿದ. ಕಾಲು ಇಂಚು ಎಂದಿದ್ದನ್ನು ಪಕ್ಕಕ್ಕಿಟ್ಟ. ಅರ್ಧ ಎಂದಿದ್ದನ್ನು ತಂದು ಕೊಟ್ಟ. ಅದರ ಬಾಯಿ ನಟ್ಟಿನ ಎರಡರಷ್ಟಿತ್ತು.

ಮೆಕ್ಯಾನಿಕ್ ಅದನ್ನು ತಿರುಗಿಸಿ ನೋಡಿ ನಕ್ಕ. "ಏನ್ ಸಾರ್ ಇದು, ಕಾರಿಗೋ ರೈಲಿಗೋ? ಈ ಡಬ್ಬಿ ಬೇರೆ ಯಾವುದೋ ಮಿಷನ್ನಿಂದು. ನಿಮ್ಮ ಡಾಕ್ಟರು ಗಡಿಬಿಡೀಲಿ ತಪ್ಪಿ ಇಟ್ಟಿದಾರೆ."

ಕಂಪೌಂಡರನಿಗೂ ಹಾಗೆಯೇ ಅನಿಸಿತು. ಅರ್ಧದ್ದೇ ಇಷ್ಟು ತಪ್ಪಿದ ಮೇಲೆ ಉಳಿದವುಗಳ ಮಾತೇನು? ಚೀಟಿ ತಪ್ಪಿದ ಸೀಸೆಯನ್ನು ಅವನು ಹೇಗೆ ಕಪಾಟಿನಿಂದ ತೆಗೆದುಬಿಡುತ್ತಿದ್ದನೋ ಹಾಗೆ ಡಬ್ಬಿಯನ್ನು ಮುಚ್ಚಿ ಅಟ್ಟಕ್ಕೆ ಹಾಕಿದ. ಕಾಲು ಎಂದಿದ್ದ ಸಣ್ಣ ಸ್ಪ್ಯಾನರು ಹೊರಗೇ ಉಳಿದಿತ್ತು. ತಾಯಿಗೆ ಹಲ್ಲಿರಲಿಲ್ಲ. ಎಲೆ ಅಡಿಕೆ ಕುಟ್ಟುವ ಅವಳ ಗುಂಡುಕಲ್ಲು ಒಡೆದು ಹೋಗಿತ್ತು. "ಇದರಲ್ಲಿ ಕುಟ್ಟಿಕೋ ಅವ್ವ. ಯಾವುದಕ್ಕೂ ಬಾರದ್ದು," ಎಂದು ಕೊಟ್ಟ.

ಎರಡನೆಯವನು ಹಿಟ್ಟಿನ ಗಿರಣಿಯ ಫಿಟ್ಟರು. ಮೊದಲಿನವನಿಗೆ ಕೆಲಸ ಗೊತ್ತಿಲ್ಲ ಎಂದ. ಹದಿನಾಲ್ಕರ ಸ್ಪ್ಯಾನರಿನ ಬಾಯಿಗೆ ತಗಡಿನ ಚೂರು ತುರುಕಿ ಬಿಗಿ ಮಾಡಿ ತಿರುಗಿಸಿದ. ಇಳಿಯದ ಸ್ಪ್ಯಾನರು ಏನೂ ಕೆಡಿಸುವುದಿಲ್ಲ. ಹೆಚ್ಚುಕಡಿಮೆ ಕೂರುವ ಸ್ಪ್ಯಾನರು ಕೆಡಿಸುತ್ತದೆ. ನಾಲ್ಕು ನಟ್ಟುಗಳ ಮೂಲೆ ಸವೆದುಹೋಯಿತು. "ನಿಮ್ಮ ನಟ್ಟುಗಳೇ ಮೆತ್ತಗಿವೆ," ಎಂದು ಹೇಳಿ ಕಾಫಿ ಕುಡಿದು ಹೋದ.

ಮೂರನೆಯವನನ್ನು ಜಿಲ್ಲಾಕೇಂದ್ರದಿಂದ ಕರೆಸಿದ. ಅವನು ಎರಡನೆಯವನಿಗೆ ಬೈದು, ಉಳಿ ಸುತ್ತಿಗೆ ತೆಗೆದ. ಒಂದು ನಟ್ಟು ಬೋಲ್ಟು ಸಮೇತ ಮುರಿದು ಕೈಗೆ ಬಂತು. ಕಂಪೌಂಡರ್ ಅವನ ಕೈ ಹಿಡಿದುಕೊಂಡು "ಸಾಕು ಮಾರಾಯಾ" ಎಂದ.

ಕಾರು ನಿಂತಲ್ಲೇ ನಿಂತಿತು. ಹಿಂದಿನ ಸೀಟಿನ ಮೇಲೆ ಒಂದು ಕೋಳಿ ಮೊಟ್ಟೆ ಇಟ್ಟಿತು. ದೊಡ್ಡ ಬೀದಿಯ ಜಗುಲಿಯಿಂದ ಕೂಗಿ ಕೇಳುತ್ತಿದ್ದರು: "ಏನ್ ಕಂಪೌಂಡರೇ, ಕಾರು ಕಾವಿಗೆ ಕೂತಿದೆಯಂತೆ? ಮರಿ ಆದರೆ ನಮಗೂ ಒಂದು ಕೊಡಿ." ಇನ್ನೊಬ್ಬರು ನಗದೆಯೇ ಹೇಳುತ್ತಿದ್ದರು: "ಅವರವರಿಗೆ ಒಗ್ಗೋದನ್ನ ಅವರವರು ಇಟ್ಟುಕೋಬೇಕು." ಕಂಪೌಂಡರ್ ಮನೆಗೆ ಬಂದು ಮತ್ತೆ ಬಾನೆಟ್ಟು ಎತ್ತಿ ನೋಡುತ್ತಿದ್ದ. ಹತ್ತು ನಟ್ಟು. ಬಿಚ್ಚಲು ಬರುವುದಿಲ್ಲ. ಯಾರೂ ಸುಳ್ಳು ಹೇಳುತ್ತಿಲ್ಲ, ಎಲ್ಲರೂ ಕೆಲಸ ಬಲ್ಲವರೇ. ತಪ್ಪು ಎಲ್ಲಿದೆ ಎಂದೇ ಅವನಿಗೆ ಗೊತ್ತಾಗುತ್ತಿರಲಿಲ್ಲ. ತಾಯಿ ಮಾತ್ರ ದಿನ ಬೆಳಗಾದರೆ ತನ್ನ ಅಂಗೈಯನ್ನು ಮುಖದ ಮುಂದೆ ಹಿಡಿದು ನೋಡಿಕೊಳ್ಳುತ್ತಿದ್ದಳು. ಬೆರಳು ಐದೂ ಕಾಣುತ್ತಿವೆಯೇ ಎಂದು.

ಅವನು ಡಾಕ್ಟರನಿಗೆ ಕಾಗದ ಬರೆದ. ಉತ್ತರ ಬರಲು ಮೂರು ತಿಂಗಳಾಯಿತು. ಅದರಲ್ಲಿ ಒಂದೇ ಸಾಲಿತ್ತು. ಸ್ಪ್ಯಾನರುಗಳು ಡಬ್ಬಿಯಲ್ಲೇ ಇವೆಯಲ್ಲ.

ಕಂಪೌಂಡರ್ ಅಟ್ಟದಿಂದ ಡಬ್ಬಿ ಇಳಿಸಿದ. ಎಂಟೂ ನಂಬರುಗಳನ್ನು ಮತ್ತೆ ಓದಿದ. ಎರಡೆರಡು ಸಲ ಓದಿದ. ಅರ್ಧದ್ದು ಮೊದಲಿನಂತೆಯೇ ದೊಡ್ಡದಾಗಿತ್ತು. ಡಾಕ್ಟರನಿಗೆ ಅರುಳುಮರುಳು ಶುರುವಾಗಿದೆ ಎಂದು ಮರುಗಿದ. ಡಬ್ಬಿಯನ್ನು ಮುಚ್ಚಿದ. ಹೊಸಿಲಲ್ಲಿ ತಾಯಿ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಳು. ಟಕ್ ಟಕ್ ಎಂದು ಸದ್ದು ಬರುತ್ತಿತ್ತು. ಆ ಸದ್ದು ಅವನಿಗೆ ಕೇಳಿಸುತ್ತಲೇ ಇತ್ತು.

ಇಲ್ಲಿಗೆ ತಿಪ್ಪೇಶಿ ತಡೆದ. "ಗುರುಗಳೇ, ಒಂದು ನಿಮಿಷ. ಅವನು ಓದಿದ್ದು ತಪ್ಪೇ? ಓದಿ ಓದಿ ಎಂದು ನೀವೇ ನಮ್ಮ ತಲೆ ತಿನ್ನುತ್ತೀರಿ. ಈಗ ಓದಬೇಡ ಎನ್ನುತ್ತೀರಾ?"

"ಸೀಸೆಯ ಚೀಟಿ ಓದದಿದ್ದರೆ ಕೊಲೆಯಾಗುತ್ತದೆ," ಎಂದರು ಓಬಳಯ್ಯ.

"ಮತ್ತೆ?"

"ಮತ್ತೆ ಕತೆ ಕೇಳು."

ತಿಪ್ಪೇಶಿಗೆ ತಲೆ ಇನ್ನಷ್ಟು ಕೆಟ್ಟಿತು. ಜೇಬಿನ ಮೇಲೆ ಒಮ್ಮೆ ಕೈ ಆಡಿಸಿದ.

ಎಂಟು ತಿಂಗಳಾಯಿತು. ಒಂದು ಬೆಳಿಗ್ಗೆ ತಾಯಿ ಅಂಗೈ ಹಿಡಿದು ನೋಡಿದಳು. ಒಂದು ಬೆರಳೂ ಕಾಣಲಿಲ್ಲ. ಅವಳು ಅಳಲಿಲ್ಲ. ಮಗನಿಗೆ ಹೇಳಲೂ ಇಲ್ಲ. ಮೂರು ದಿನ ಬಿಟ್ಟು ಅವನಿಗೇ ಗೊತ್ತಾಯಿತು, ತುಂಬಿದ ತಂಬಿಗೆಯನ್ನು ಅವಳು ಕಾಲಿನಿಂದ ಒದ್ದಾಗ.

ಇನ್ನೆರಡು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ. ಕಂಪೌಂಡರ್ ಬಾನೆಟ್ಟು ಎತ್ತಿಟ್ಟು ಆ ನಟ್ಟುಗಳನ್ನೇ ನೋಡುತ್ತ ನಿಂತಿದ್ದ. ಗುಜರಿಯವನಿಗೆ ಬರಲು ಹೇಳಿ ಕಳಿಸಿದ್ದ. ತಾಯಿ ಗೋಡೆ ಹಿಡಿದುಕೊಂಡು ಬಂದಳು. ಒಂದು ಕೈಯಲ್ಲಿ ಕುಟ್ಟುವ ಕಬ್ಬಿಣ ಹಾಗೆಯೇ ಇತ್ತು. ಇನ್ನೊಂದು ಕೈಯನ್ನು ಇಂಜಿನ್ನಿನ ಮೇಲೆ ಆಡಿಸಿದಳು. ಜೀವಮಾನ ಪೂರ್ತಿ ಅವಳು ಕತ್ತಲಲ್ಲಿ, ಕಾಣದ ಜಾಗದಲ್ಲಿ, ಬೆರಳಿನಿಂದ ಅಳೆದವಳು. ಎರಡು ಬೆರಳು ಎಂದರೆ ಇನ್ನೂ ಹೊತ್ತಿದೆ, ನಾಲ್ಕು ಬೆರಳು ಎಂದರೆ ನೀರು ಕಾಯಿಸಿ ಎಂದು ಹೇಳಿದವಳು. ಅವಳ ಹೆಬ್ಬೆರಳು ಒಂದು ನಟ್ಟಿನ ಮೇಲೆ ನಿಂತಿತು. ಆಮೇಲೆ ಕೈಯಲ್ಲಿದ್ದ ಕಬ್ಬಿಣದ ಬಾಯನ್ನು ಸವರಿತು. ಮತ್ತೆ ನಟ್ಟಿಗೆ ಬಂತು.

"ಇದರ ಬಾಯಿ ಅದರ ತಲೆಗೇ ಮಾಡಿದಂಗೈತಲ್ಲೋ."

"ಅದು ಕಾಲು ಇಂಚಿಂದು ಅವ್ವ. ನಟ್ಟು ಅರ್ಧಕ್ಕಿಂತ ದೊಡ್ಡದು."

"ಕಾಲೋ ಅರ್ಧವೋ ನಂಗೇನು ಗೊತ್ತು? ಹಾಕು."

"ಬರಲ್ಲ ಅವ್ವ."

"ಹಾಕದೇನೇ ಬರಲ್ಲ ಅಂತೀಯಲ್ಲ, ಏನು ಓದಿದೀಯೋ ನೀನು!"

ಕಂಪೌಂಡರ್ ತಾಯಿಯ ಸಮಾಧಾನಕ್ಕೆ ಹಾಕಿದ. ಸ್ಪ್ಯಾನರು ನಟ್ಟಿನ ಮೇಲೆ ಇಳಿಯಿತು. ಇಳಿದು ಕೂತಿತು. ಅಲುಗಾಡಲಿಲ್ಲ. ಅವನು ಎಳೆದ. ನಟ್ಟು ಒಮ್ಮೆ ಕಿರುಗುಟ್ಟಿ ತಿರುಗಿತು.

ಅವನು ಸ್ಪ್ಯಾನರನ್ನು ಹೊರಗೆ ತೆಗೆದು ನಂಬರು ಓದಿದ. ಕಾಲು ಎಂದೇ ಇತ್ತು. ಮತ್ತೆ ಹಾಕಿದ. ಮತ್ತೆ ಕೂತಿತು. ಮತ್ತೆ ತೆಗೆದು ಓದಿದ. ಅವನಿಗೆ ಸಂತೋಷ ಆಗಬೇಕಿತ್ತು. ಆದದ್ದು ಗಾಬರಿ. ಇಪ್ಪತ್ತೆರಡು ವರ್ಷ ಓದಿ ಸುರಿದ ಸೀಸೆಗಳೆಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು.

ಆ ದೇಶದವರ ಹಳೆಯ ಪದ್ಧತಿ ಹಾಗಿತ್ತು. ಸ್ಪ್ಯಾನರಿನ ಮೇಲೆ ಅವರು ಕೊರೆಯುತ್ತಿದ್ದುದು ನಟ್ಟಿನ ತಲೆಯ ಅಗಲವನ್ನಲ್ಲ, ಅದರೊಳಗೆ ಕೂರುವ ಬೋಲ್ಟಿನ ದಪ್ಪವನ್ನು. ಕಾಲು ಎಂದರೆ ಒಳಗೆ ಕಾಣದಂತೆ ಇರುವುದು ಕಾಲು. ಹಿಡಿಯುವ ಬಾಯಿ ಅದರ ಎರಡರಷ್ಟು. ನಂಬರು ಸುಳ್ಳು ಹೇಳಿರಲಿಲ್ಲ. ಇವರು ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ, ಅಷ್ಟೇ.

ಒಂಬತ್ತು ನಟ್ಟುಗಳು ಒಂದೇ ಮಧ್ಯಾಹ್ನ ಬಂದವು. ಮೂಲೆ ಸವೆದವು ಗೊಣಗುತ್ತ ಬಂದವು. ಮುರಿದ ಬೋಲ್ಟನ್ನು ಲೇತ್ ಯಂತ್ರದವನು ತೆಗೆದು ಹೊಸದು ಕೂರಿಸಿದ. ಡಿಕ್ಕಿಯಲ್ಲಿದ್ದ ಗ್ಯಾಸ್ಕೆಟ್ ತನ್ನ ಜಾಗಕ್ಕೆ ಹೋಯಿತು. ಗುಜರಿಯವನು ಬಂದವನು ಹಾಗೆಯೇ ಹಿಂದಕ್ಕೆ ಹೋದ. ಹತ್ತನೆಯ ದಿನ ಕಾರು ಕೆಮ್ಮಿ, ನಡುಗಿ, ಹೊಗೆ ಬಿಟ್ಟು ನಿಂತಲ್ಲೇ ಗುಡುಗಿತು. ಕೋಳಿ ಹಾರಿ ಓಡಿತು.

ಕಂಪೌಂಡರ್ ತಾಯಿಗೆ ಹೊಸ ಸೀರೆ ಉಡಿಸಿ, ಕಾಲಿಗೆ ಚಪ್ಪಲಿ ತೊಡಿಸಿ, ಪಕ್ಕದ ಸೀಟಿನಲ್ಲಿ ಕೂರಿಸಿದ. ದೊಡ್ಡ ಬೀದಿಗೆ ತಿರುಗಿದಾಗ ಕಾರಿನ ಬಲಗೈ ಎದ್ದು ಹೊರಗೆ ಚಾಚಿತು. ಅವನು ತಗಡಿಗೆ ಒಂದು ಏಟು ಕೊಟ್ಟ. ಅದು ಮಡಚಿಕೊಳ್ಳಲಿಲ್ಲ. ಜಗುಲಿಯ ಮೇಲಿದ್ದ ಒಬ್ಬ ಯಜಮಾನ ಕಾರು ತನಗೇ ಕೈ ಮಾಡುತ್ತಿದೆ ಎಂದುಕೊಂಡು ತಾನೂ ಅರ್ಧ ಕೈ ಎತ್ತಿದ. ಒಳಗೆ ಕೂತವರು ಯಾರೆಂದು ಕಂಡ ಮೇಲೆ ಆ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡ.

"ಬೀದಿ ಬಂತೇನೋ?" ಎಂದಳು ತಾಯಿ.

"ಬಂತವ್ವ."

ತಾಯಿ ಬಗ್ಗಿದಳು. ಎರಡೂ ಚಪ್ಪಲಿ ಕಳಚಿದಳು. ಕೈಯಲ್ಲಿ ಹಿಡಿದುಕೊಂಡಳು.

"ಅವ್ವ, ನೀನು ಕಾರಲ್ಲಿದೀಯ."

"ಗೊತ್ತು ಕಣಪ್ಪ," ಎಂದಳು. "ನಂಗೆ ಗೊತ್ತು. ಕಾಲಿಗೆ ಗೊತ್ತಾಗಲಿಲ್ಲ."

ಕಾರು ಆ ಬೀದಿಯನ್ನು ದಾಟಿತು.

ಓಬಳಯ್ಯ ಕತೆ ನಿಲ್ಲಿಸಿದರು. ಅಂಗಳದಲ್ಲಿ ಹೆಂಗಸರು ಕಾಳು ಗುಡಿಸುವ ಸದ್ದು ಕೇಳುತ್ತಿತ್ತು. ತಿಪ್ಪೇಶಿಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಗೊತ್ತಾಗುತ್ತಿರಲಿಲ್ಲ. ಜಗುಲಿಯವರ ಮೇಲೆ ಸಿಟ್ಟು ಮಾಡುವುದು ಸುಲಭವಿತ್ತು. ಆದರೆ ಸ್ಪ್ಯಾನರನ್ನು ಅಡಗಿಸಿಟ್ಟವರು ಅವರಲ್ಲ. ಅದು ಹತ್ತು ತಿಂಗಳು ಆ ಮುದುಕಿಯ ಮಡಿಲಲ್ಲೇ ಇತ್ತು.

"ಗುರುಗಳೇ, ಹಾಗಾದರೆ ತಪ್ಪು ಯಾರದು?" ಎಂದು ಕೇಳಿದ. "ನಟ್ಟು ಕೆಡಿಸಿದವರದೇ? ಹೇಳದೆ ಹೋದ ಡಾಕ್ಟರನದೇ? ಅಂಥ ನಂಬರು ಕೊರೆದವನದೇ?" ಕೇಳುತ್ತಿರುವಾಗ ಅವನ ಕೈ ತಾನಾಗಿಯೇ ಅಂಗಿಯ ಜೇಬನ್ನು ಮುಚ್ಚಿಕೊಂಡಿತ್ತು.

ಓಬಳಯ್ಯ ಆ ಕೈಯನ್ನೇ ನೋಡುತ್ತ ಹೇಳಿದರು:

"ಆ ನಂಬರು ಕೊರೆದವನು ಸಮುದ್ರದಾಚೆ ಎಂದೋ ಸತ್ತ, ನಿನ್ನ ಜೇಬಿನಲ್ಲಿರುವ ನಂಬರು ಯಾರ ಕೈಬರಹ, ತಿಪ್ಪೇಶಿ?"